60 ಟನ್ ಹೊರೆ ಹೊರುವವರು ಯಾರು? ಸರಕು ವಾಯುನೌಕೆಯ ಒಡಲಿನೊಳಗೆ

ಮೊದಲು ಒಂದು ಸಣ್ಣ ಲೆಕ್ಕ ಮಾಡಿಬಿಡೋಣ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಅಷ್ಟೇ ಜಾಗದಲ್ಲಿ ಹೀಲಿಯಂ ತುಂಬಿದರೆ ಅದರ ತೂಕ ಸುಮಾರು 0.17 ಕಿಲೋ. ಇವೆರಡರ ನಡುವಿನ ಅಂತರವೇ ನಮಗೆ ಸಿಗುವ ಎತ್ತುವ ಬಲ. ಘನ ಮೀಟರಿಗೆ ಒಂದು ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಫ್ರಾನ್ಸಿನ ಫ್ಲೈಯಿಂಗ್ ವೇಲ್ಸ್ ಕಂಪನಿ ರೂಪಿಸುತ್ತಿರುವ ಸರಕು ವಾಯುನೌಕೆ 60 ಟನ್ ಹೊರಬೇಕು. ಅದಕ್ಕೆ ಅವರು ಇಟ್ಟುಕೊಂಡಿರುವ ಅಳತೆ 200 ಮೀಟರ್ ಉದ್ದ, 50 ಮೀಟರ್ ವ್ಯಾಸ, ಸುಮಾರು 1,80,000 ಘನ ಮೀಟರ್ ಹೀಲಿಯಂ. 60 ಟನ್ನಿಗೆ 60,000 ಘನ ಮೀಟರ್ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಉಳಿದ ಎರಡು ಪಾಲು ನೌಕೆಯ ಮೈತೂಕ, ಎಂಜಿನ್, ಇಂಧನ ಎಂದು ಹೋಗಿಬಿಡುತ್ತದೆ.

ಎತ್ತುವ ಕೆಲಸ ಆರ್ಕಿಮಿಡೀಸನ ಕಾಲದಿಂದಲೂ ಗೊತ್ತಿರುವುದೇ. ಎಂಜಿನಿಯರರ ನಿದ್ದೆ ಕೆಡಿಸುವುದು ಬೇರೆ ಸಂಗತಿ. ಅನಿಲ ಎತ್ತುವುದು 200 ಮೀಟರ್ ಉದ್ದಕ್ಕೂ, ಅದೂ ಒಡಲಿನ ನೆತ್ತಿಯಲ್ಲಿ. ಹೊರೆ ಇರುವುದು ಕೆಳಗೆ, ನಡುಭಾಗದಲ್ಲಿ. ನೆತ್ತಿಯಿಂದ ಆ ಕೊಕ್ಕೆಯವರೆಗೆ ಬಲ ನಡೆದುಬರಲು ಒಂದು ದಾರಿ ಬೇಕು. ಸಾಲದ್ದಕ್ಕೆ ಸರಕು ವಾಯುನೌಕೆಯಲ್ಲಿ ಹೊರೆ ಒಂದು ಗಳಿಗೆಯಲ್ಲಿ ಇಳಿದುಹೋಗುತ್ತದೆ, ಎತ್ತುವ ಬಲ ಮಾತ್ರ ಹಾಗೆಯೇ ಉಳಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಈ ದಾರಿಯ ಬಗ್ಗೆ.

ಅನಿಲದಿಂದಲೇ ಹೊರಡೋಣ. ಒಡಲಿನ ಒಳಗೆ ಮೇಲೆ ಹೋದಂತೆ ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ಅಂತರ ಹೆಚ್ಚುತ್ತದೆ, ಪ್ರತಿ ಮೀಟರಿಗೆ ಸುಮಾರು 10 ಪಾಸ್ಕಲ್‌ನಂತೆ. ತಳದಲ್ಲಿ ಅಂತರ ಸೊನ್ನೆ ಎಂದುಕೊಂಡರೆ, 40 ಮೀಟರ್ ವ್ಯಾಸದ ಒಡಲಿನ ನೆತ್ತಿಯಲ್ಲಿ ಅದು 400 ಪಾಸ್ಕಲ್. ಕೇಳಲು ಏನೂ ಅಲ್ಲ, ನಾಲ್ಕು ಸೆಂಟಿಮೀಟರ್ ನೀರಿನ ಒತ್ತಡ. ಆದರೆ ದುಂಡಗಿನ ಹೊದಿಕೆಯಲ್ಲಿ ಬಟ್ಟೆಯ ಎಳೆತ ಎಂದರೆ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದ್ದು. 400 ಪಾಸ್ಕಲ್, 20 ಮೀಟರ್, ಅಂದರೆ ಮೀಟರ್ ಅಗಲಕ್ಕೆ 8,000 ನ್ಯೂಟನ್. ಒಂದು ಮೀಟರ್ ಅಗಲದ ಬಟ್ಟೆಯ ಪಟ್ಟಿಗೆ 800 ಕಿಲೋ ತೂಗುಹಾಕಿದಷ್ಟು. ಅದನ್ನು ಗಂಟೆಗಟ್ಟಲೆಯಲ್ಲ, ಬಿಸಿಲು ಮಳೆ ತಿನ್ನುತ್ತಾ ವರ್ಷಗಟ್ಟಲೆ ತಾಳಬೇಕು.

ಚೌಕಟ್ಟೇ ಇಲ್ಲದ ವಾಯುನೌಕೆಗಳಲ್ಲಿ, ಅಂದರೆ ಬ್ಲಿಂಪ್‌ಗಳಲ್ಲಿ, ಈ ಬಟ್ಟೆಯೇ ಸರ್ವಸ್ವ. ಬಟ್ಟೆ ಎಳೆತವನ್ನು ತಾಳುತ್ತದೆಯೇ ಹೊರತು ಅದುಮುವ ಬಲವನ್ನಲ್ಲ. ಒಡಲು ಬಾಗಲು ನೋಡಿದಾಗ ಒಂದು ಬದಿ ಎಳೆಯಲ್ಪಡುತ್ತದೆ, ಇನ್ನೊಂದು ಬದಿ ಅದುಮಲ್ಪಡುತ್ತದೆ. ಅದುಮಿದ ಬದಿಯ ಬಟ್ಟೆ ಸುಕ್ಕುಗಟ್ಟಿದ ಕೂಡಲೇ ಆಕಾರ ಹೋಯಿತು. ಹಾಗಾಗದಿರಲು ಮೊದಲೇ ಒಳಗೆ ಒತ್ತಡ ತುಂಬಿ ಎಲ್ಲ ಕಡೆ ಬಿಗಿ ಮಾಡಿಟ್ಟಿರಬೇಕು. ಈ ಒತ್ತಡವನ್ನು ಕಾಯುವುದು ಒಳಗಿರುವ ಗಾಳಿಚೀಲಗಳು. ನೌಕೆ ಮೇಲೇರಿದಂತೆ ಹೀಲಿಯಂ ಹಿಗ್ಗುತ್ತದೆ, ಗಾಳಿಚೀಲದ ಗಾಳಿಯನ್ನು ಹೊರಬಿಟ್ಟು ಅದಕ್ಕೆ ಜಾಗ ಮಾಡಿಕೊಡುತ್ತಾರೆ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ. ಅಲ್ಲಿಗೆ ಹೋಗಬೇಕಾದ ನೌಕೆ ನೆಲ ಬಿಡುವಾಗ ತನ್ನ ಒಡಲಿನ ಕಾಲು ಭಾಗವನ್ನು ಹೀಲಿಯಂಗೆ ಕೊಡದೆ ಕಾದಿರಿಸಬೇಕು. ಕಾಲು ಭಾಗ ಎತ್ತುವ ಬಲ ಅಲ್ಲೇ ಖೋತಾ. ಸರಕು ವಾಯುನೌಕೆಗಳೆಲ್ಲ ಕೆಳಮಟ್ಟದಲ್ಲೇ ಹಾರಬಯಸುವುದಕ್ಕೆ ಕಾರಣ ಇದು.

ಬ್ಲಿಂಪ್‌ನಲ್ಲಿ ಹೊರೆಯನ್ನು ಎಲ್ಲಿ ಕಟ್ಟುತ್ತಾರೆ? ಕೆಳಗಿನ ಬಟ್ಟೆಗೆ ನೇರವಾಗಿ ಕಟ್ಟಿದರೆ ಅದು ಜಗ್ಗಿ ಹರಿದೀತು. ಆದ್ದರಿಂದ ಒಡಲಿನ ಒಳಗೆ, ನೆತ್ತಿಯ ಉದ್ದಕ್ಕೂ ಬಟ್ಟೆಯ ಪರದೆಗಳನ್ನು ಅಂಟಿಸಿ ಹೊಲಿದಿರುತ್ತಾರೆ. ಪರದೆಯ ಕೆಳ ಅಂಚು ಕಮಾನು ಕಮಾನಾಗಿರುತ್ತದೆ. ಪ್ರತಿ ಕಮಾನಿನ ತುದಿಯಿಂದ ಉಕ್ಕಿನ ಹಗ್ಗ ಇಳಿದು ಕೆಳಗಿನ ಕೋಣೆಯನ್ನು ಹಿಡಿಯುತ್ತದೆ. ಹಗ್ಗದ ಎಳೆತ ಪರದೆಯಲ್ಲಿ ಹರಡಿ, ಪರದೆಯಿಂದ ನೆತ್ತಿಯ ಹೊದಿಕೆಗೆ ಸೇರುತ್ತದೆ. ಎತ್ತುವ ಬಲ ಹುಟ್ಟುವುದೂ ಅಲ್ಲೇ. ಇಷ್ಟು ಚಿಕ್ಕ ದಾರಿಯನ್ನು ಚೌಕಟ್ಟಿರುವ ವಾಯುನೌಕೆಗಳಲ್ಲಿ ನೀವು ಕಾಣಲಾರಿರಿ. ನನ್ನನ್ನು ಕೇಳಿದರೆ ಇಡೀ ವಾಯುನೌಕಾ ವಿದ್ಯೆಯಲ್ಲಿ ಅತ್ಯಂತ ಜಾಣತನದ ಭಾಗ ಈ ಪರದೆ, ಹೊರಗಿನಿಂದ ನೋಡುವವರಿಗೆ ಮಾತ್ರ ಅದು ಕಾಣುವುದೇ ಇಲ್ಲ.

ಹಾಗಾದರೆ ಇದನ್ನೇ ದೊಡ್ಡದು ಮಾಡಿದರಾಯಿತಲ್ಲ? ಇಲ್ಲಿ ಬಹಳಷ್ಟು ಪ್ರಚಾರ ಲೇಖನಗಳು ಎಡವುತ್ತವೆ. ಉದ್ದ, ಅಗಲ, ಎತ್ತರ ಎಲ್ಲವನ್ನೂ ಎರಡು ಪಟ್ಟು ಮಾಡಿದರೆ ಎತ್ತುವ ಬಲ ಎಂಟು ಪಟ್ಟಾಗುತ್ತದೆ, ಹೊದಿಕೆಯ ವಿಸ್ತೀರ್ಣ ನಾಲ್ಕೇ ಪಟ್ಟು, ಆದ್ದರಿಂದ ದೊಡ್ಡದಾದಷ್ಟೂ ಲಾಭ ಎನ್ನುತ್ತಾರೆ. ಅರ್ಧ ಸತ್ಯ. ವ್ಯಾಸ ಎರಡು ಪಟ್ಟಾದಾಗ ನೆತ್ತಿಯ ಒತ್ತಡ ಎರಡು ಪಟ್ಟಾಯಿತು, ತ್ರಿಜ್ಯವೂ ಎರಡು ಪಟ್ಟಾಯಿತು. ಬಟ್ಟೆಯ ಎಳೆತ ನಾಲ್ಕು ಪಟ್ಟು. ಅದನ್ನು ತಾಳುವ ಬಟ್ಟೆ ನಾಲ್ಕು ಪಟ್ಟು ದಪ್ಪ, ವಿಸ್ತೀರ್ಣ ನಾಲ್ಕು ಪಟ್ಟು, ಒಟ್ಟು ಬಟ್ಟೆಯ ತೂಕ ಹದಿನಾರು ಪಟ್ಟು. ಎತ್ತುವ ಬಲ ಬೆಳೆದದ್ದು ಎಂಟು ಪಟ್ಟು ಮಾತ್ರ. ಸಣ್ಣ ನೌಕೆಗಳಲ್ಲಿ ಬಟ್ಟೆ ಅಗತ್ಯಕ್ಕಿಂತ ದಪ್ಪವಾಗಿಯೇ ಇರುವುದರಿಂದ ಒಂದು ಹಂತದವರೆಗೆ ಹಿಗ್ಗಿಸುವುದು ಲಾಭವೇ. ಆಮೇಲೆ ಲೆಕ್ಕ ತಿರುಗಿಬೀಳುತ್ತದೆ. ಅಮೆರಿಕದ ನೌಕಾಪಡೆ 1958ರಲ್ಲಿ ಹಾರಿಸಿದ ಝಡ್‌ಪಿಜಿ-3ಡಬ್ಲ್ಯೂ ಬ್ಲಿಂಪ್ ಸುಮಾರು 42,000 ಘನ ಮೀಟರ್‌ನದು. ಆ ಜಾತಿಯಲ್ಲಿ ಅದಕ್ಕಿಂತ ದೊಡ್ಡದು ಬರಲಿಲ್ಲ.

ದೊಡ್ಡದು ಬೇಕೆಂದರೆ ಚೌಕಟ್ಟು ಬೇಕು. 1936ರಲ್ಲಿ ಹಾರಿದ ಜರ್ಮನಿಯ ಹಿಂಡನ್‌ಬರ್ಗ್ ವಾಯುನೌಕೆ 245 ಮೀಟರ್ ಉದ್ದ, 41 ಮೀಟರ್ ವ್ಯಾಸದ್ದು. ಅದರ ಬೆಂಕಿಯ ಕಥೆ ನಿಮಗೆಲ್ಲ ಗೊತ್ತು, ಬಿಡಿ. ಅದರ ಒಡಲನ್ನು ನೋಡೋಣ. 15 ದೊಡ್ಡ ಉಂಗುರಗಳು, ಅವುಗಳ ನಡುವೆ 16 ಅನಿಲಚೀಲಗಳು, ಉಂಗುರದಿಂದ ಉಂಗುರಕ್ಕೆ ಉದ್ದಕ್ಕೆ ಓಡುವ ಡ್ಯೂರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೊಲೆಗಳು. ಅನಿಲಚೀಲ ಮೇಲಕ್ಕೆ ತಳ್ಳಿದಾಗ ಅದರ ಮೇಲಿನ ಬಲೆ ಆ ಬಲವನ್ನು ಉದ್ದದ ತೊಲೆಗಳಿಗೆ ಕೊಡುತ್ತದೆ, ತೊಲೆಗಳು ಉಂಗುರಕ್ಕೆ, ಉಂಗುರ ತನ್ನ ಎರಡೂ ಪಕ್ಕಗಳ ಮೂಲಕ ಕೆಳಗಿನ ಕೀಲ್‌ಗೆ, ಅಂದರೆ ಒಡಲಿನ ಉದ್ದಕ್ಕೂ ಓಡುವ ಬೆನ್ನೆಲುಬಿನಂಥ ತೊಲೆಗೆ. ಇಂಧನ, ನೀರು, ಸರಕು ಎಲ್ಲ ತೂಗುವುದು ಕೀಲ್‌ನಲ್ಲಿ. ಹೊರಗಿನ ಬಟ್ಟೆಗೆ ಇಲ್ಲಿ ಗಾಳಿ ಮಳೆ ತಡೆಯುವ ಕೆಲಸ ಮಾತ್ರ.

ಈ ಉಂಗುರದ ಹತ್ತಿರ ಸ್ವಲ್ಪ ನಿಲ್ಲೋಣ. ಅದು ಹಿಗ್ಗಿಸಿದ ಸೈಕಲ್ ಚಕ್ರದಂತೆ. ಸುತ್ತ ತೆಳುವಾದ ತೊಲೆ, ಒಳಗೆಲ್ಲ ಬಿಗಿದ ತಂತಿಗಳು. ಆಕಾರ ಕೆಡದಂತೆ ಹಿಡಿಯುವುದು ತಂತಿಗಳೇ. ಇಂಥ ಉಂಗುರಕ್ಕೆ ಅತಿ ಕಷ್ಟದ ಪರೀಕ್ಷೆ ಯಾವುದು? ಬಿರುಗಾಳಿ ಎನ್ನುತ್ತೀರೇನೋ. ಬಹಳ ಸಲ ಅದಲ್ಲ. ಒಂದು ಅನಿಲಚೀಲ ಹರಿದು ಖಾಲಿಯಾಯಿತು ಎಂದುಕೊಳ್ಳಿ. ಪಕ್ಕದ ತುಂಬಿದ ಚೀಲ ಆ ಖಾಲಿ ಜಾಗದ ಕಡೆಗೆ ಉಬ್ಬುತ್ತದೆ, ನಡುವಿನ ತಂತಿಗಳ ಜಾಲವನ್ನು ಅಡ್ಡಕ್ಕೆ ನೂಕುತ್ತದೆ. ಎಷ್ಟು ಬಲದಿಂದ? ವೃತ್ತದ ಮೇಲೆ ಸರಾಸರಿ ಒತ್ತಡ 200 ಪಾಸ್ಕಲ್ ಚಿಲ್ಲರೆ, ವಿಸ್ತೀರ್ಣ 1,300 ಚದರ ಮೀಟರಿಗೂ ಮಿಕ್ಕಿ, ಗುಣಿಸಿದರೆ ಹೆಚ್ಚುಕಡಿಮೆ 28 ಟನ್. ಬಿಗಿದ ತಂತಿಯನ್ನು ಅಡ್ಡಕ್ಕೆ ನೂಕಿದರೆ ಅದರೊಳಗಿನ ಎಳೆತ ನೂಕಿದ ಬಲಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. ಆ ಎಳೆತವೆಲ್ಲ ಉಂಗುರವನ್ನು ಸುತ್ತಲಿಂದ ಒಳಕ್ಕೆ ಹಿಸುಕುತ್ತದೆ. ಒಂದು ಚೀಲ ಸೋರಿದ್ದಕ್ಕೆ ಚೌಕಟ್ಟೇ ಮುದುಡಬಾರದಲ್ಲ? ದೊಡ್ಡ ಉಂಗುರಗಳ ದಪ್ಪ ನಿರ್ಧಾರವಾಗುವುದು ಇಲ್ಲಿ.

ಬ್ರಿಟನ್ನಿನ ಆರ್101 ಎಂಬ ನೌಕೆಯ ವಿನ್ಯಾಸಕರು ಈ ತಂತಿಗಳ ತಾಪತ್ರಯವೇ ಬೇಡವೆಂದು ಆಳವಾದ, ತಾವೇ ಗಟ್ಟಿಯಾಗಿ ನಿಲ್ಲುವ ಉಂಗುರಗಳನ್ನು ಮಾಡಿದರು. ವಿಚಾರ ಒಳ್ಳೆಯದೇ. ತೂಕ ಮಾತ್ರ ಕೈಮೀರಿತು. ಎತ್ತುವ ಬಲ ಸಾಲದೆ ಅನಿಲಚೀಲಗಳ ಕಟ್ಟುಗಳನ್ನು ಸಡಿಲಿಸಿ ಅವು ಹೆಚ್ಚು ಹಿಗ್ಗುವಂತೆ ಮಾಡಿದರು. ಚೀಲಗಳು ತೊಲೆಗಳಿಗೆ ಉಜ್ಜಿ ತೂತಾಗತೊಡಗಿದವು. ಅದೂ ಸಾಲದೆ ನೌಕೆಯನ್ನು ನಡುವೆ ಕತ್ತರಿಸಿ ಹೊಸ ಅಂಕಣ ಸೇರಿಸಿದರು. ಕರಾಚಿಗೆಂದು ಹೊರಟ ಅದು 1930ರ ಅಕ್ಟೋಬರ್ 5ರ ನಸುಕಿನಲ್ಲಿ ಫ್ರಾನ್ಸಿನ ಬೋವೆ ಬಳಿ ನೆಲಕ್ಕಪ್ಪಳಿಸಿ 48 ಮಂದಿ ಸತ್ತರು. ಒಂದು ಕಡೆ ತೂಕ ಹೆಚ್ಚಿದರೆ ಇನ್ನೊಂದು ಕಡೆ ಎಂಥ ರಾಜಿಗಳು ಶುರುವಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟು ಹೊತ್ತು ನಿಂತಿರುವ ನೌಕೆಯ ಮಾತಾಡಿದೆವು. ಚಲಿಸತೊಡಗಿದರೆ ಬೇರೆ ಬಲಗಳು ಬರುತ್ತವೆ. ಉದ್ದನೆಯ ಒಡಲು ಗಾಳಿಗೆ ತುಸು ಓರೆಯಾದರೂ ಸಾಕು, ಮೂಗನ್ನು ಇನ್ನಷ್ಟು ಓರೆಗೆ ತಿರುಗಿಸುವ ಬಲ ತಾನಾಗಿ ಹುಟ್ಟುತ್ತದೆ. ಮ್ಯಾಕ್ಸ್ ಮಂಕ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಈ ತಿರುಚುವಿಕೆಯನ್ನು ತಡೆಯುವುದು ಹಿಂಬದಿಯ ರೆಕ್ಕೆಗಳು. ಮೂಗಿನ ಕಡೆ ಒಂದು ತಳ್ಳು, ಬಾಲದ ಕಡೆ ಇನ್ನೊಂದು ತಳ್ಳು, ನಡುವೆ ಬಾಗುವುದು ಒಡಲು. ಆರ್38 ಎಂಬ ನೌಕೆಯ ವಿನ್ಯಾಸದಲ್ಲಿ ಈ ಬಲಗಳ ಲೆಕ್ಕವನ್ನೇ ಹಾಕಿರಲಿಲ್ಲ. 1921ರ ಆಗಸ್ಟ್ 24ರಂದು ಇಂಗ್ಲೆಂಡಿನ ಹಲ್ ನಗರದ ಬಳಿ, ವೇಗದಲ್ಲಿ ಚುಕ್ಕಾಣಿಯನ್ನು ಅತ್ತಿತ್ತ ತಿರುಗಿಸಿ ಪರೀಕ್ಷಿಸುತ್ತಿದ್ದಾಗ ಅದು ನಡುವೆ ಮುರಿಯಿತು. 44 ಸಾವು. ನಾಲ್ಕು ವರ್ಷಗಳ ನಂತರ ಅಮೆರಿಕದ ಶೆನಂಡೋವಾ ಓಹಾಯೋ ರಾಜ್ಯದ ಮೇಲೆ ಬಿರುಗಾಳಿಗೆ ಸಿಕ್ಕು ತುಂಡಾಯಿತು. ಅದರಲ್ಲಿದ್ದುದು ಹೀಲಿಯಂ. ಬೆಂಕಿ ಹತ್ತಲಿಲ್ಲ, ಮುರಿದ ಮೂಗಿನ ಭಾಗದಲ್ಲಿ ಉಳಿದವರು ಅದನ್ನೇ ಬಲೂನಿನಂತೆ ತೇಲಿಸಿ ನೆಲಕ್ಕೆ ತಂದರು. 43 ಜನರಲ್ಲಿ 29 ಮಂದಿ ಬದುಕಿದರು.

ಆದರೆ ವಿನ್ಯಾಸ ಕಲಿಯುವವರು ಓದಲೇಬೇಕಾದ ಅಪಘಾತ ಮೇಕನ್‌ನದು. ಅಮೆರಿಕದ ಏಕ್ರನ್ ಮತ್ತು ಮೇಕನ್ ಅವಳಿ ನೌಕೆಗಳು, ಒಡಲು ಬಲು ಗಟ್ಟಿ, ತ್ರಿಕೋನ ಛೇದದ ಆಳವಾದ ಉಂಗುರಗಳು, ಮೂರು ಕೀಲ್‌ಗಳು. ಕೆಳಗಿನ ಬಾಲರೆಕ್ಕೆ ಮುಂದಿನ ಚಾಲಕರ ಕೋಣೆಯಿಂದ ಕಣ್ಣಿಗೆ ಕಾಣಬೇಕು ಎಂಬ ಬೇಡಿಕೆ ನಂತರ ಬಂತು. ಅದಕ್ಕಾಗಿ ರೆಕ್ಕೆಗಳ ಉದ್ದ ಕಡಿಮೆ ಮಾಡಿ ಅಗಲ ಹೆಚ್ಚಿಸಿದರು. ಹಾಗೆ ಮಾಡಿದಾಗ ರೆಕ್ಕೆಯ ಮುಂದಿನ ತುದಿ ಮುಖ್ಯ ಉಂಗುರವನ್ನು ಮುಟ್ಟದೆ, ನಡುವಿನ ಸಣ್ಣ ಉಂಗುರದ ಮೇಲೆ ಬಂದು ನಿಂತಿತು. 17.5 ಎಂದು ಅದರ ಸಂಖ್ಯೆ. 1934ರ ಏಪ್ರಿಲ್‌ನಲ್ಲಿ ಟೆಕ್ಸಸ್ ಮೇಲೆ ಪ್ರಕ್ಷುಬ್ಧ ಗಾಳಿಗೆ ಸಿಕ್ಕಿ ಅದೇ ಉಂಗುರದ ತೊಲೆಗಳು ಮುರಿದವು. ಹಾರಾಟದಲ್ಲೇ ತೇಪೆ ಹಾಕಿದರು, ಆಮೇಲೆ ಒಂದೊಂದಾಗಿ ಬಲಪಡಿಸುತ್ತಾ ಬಂದರು, ಮೇಲಿನ ರೆಕ್ಕೆಯ ಬುಡ ಬಾಕಿ ಉಳಿಯಿತು. 1935ರ ಫೆಬ್ರವರಿ 12ರಂದು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಮೇಲಿನ ರೆಕ್ಕೆಯೇ ಕಿತ್ತುಹೋಯಿತು, ಚೂರುಗಳು ಹಿಂದಿನ ಅನಿಲಚೀಲಗಳನ್ನು ಸೀಳಿದವು. ತೂಕ ಸರಿದೂಗಿಸಲೆಂದು ಹೊತ್ತಿದ್ದ ನಿಲುಭಾರವನ್ನೆಲ್ಲ ಗಾಬರಿಯಲ್ಲಿ ಸುರಿದದ್ದರಿಂದ ನೌಕೆ ಮಿತಿ ಮೀರಿ ಮೇಲೇರಿತು, ಕವಾಟಗಳು ತಾವಾಗಿ ತೆರೆದು ಹೀಲಿಯಂ ಹೊರಹೋಯಿತು, ಕೊನೆಗೆ ಸಮುದ್ರಕ್ಕಿಳಿಯಿತು. 83 ಜನರಲ್ಲಿ ಇಬ್ಬರು ಸತ್ತರು. ಇಡೀ ಒಡಲು ಗಟ್ಟಿ ಇತ್ತು ನೋಡಿ. ಸೋತದ್ದು ಒಂದು ಜೋಡಣೆ, ಅದೂ ಒಂದು ಸಣ್ಣ ಅನುಕೂಲಕ್ಕಾಗಿ ಜಾಗ ಬದಲಿಸಿದ ಜೋಡಣೆ.

ಈಗಿನವರ ಕೈಯಲ್ಲಿ ಇರುವುದೇನು? ಲೆಕ್ಕ ಹಾಕಲು ಕಂಪ್ಯೂಟರ್ ಇದೆ, ಒಂದೊಂದು ಕೊಳವೆಯ ಒಂದೊಂದು ಬಲವನ್ನೂ ಕಾಣಬಹುದು. ಡ್ಯೂರಾಲುಮಿನ್ ಜಾಗಕ್ಕೆ ಕಾರ್ಬನ್ ಫೈಬರ್ ಬಂದಿದೆ. ಎಲ್‌ಟಿಎ ರಿಸರ್ಚ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿರುವ ಪಾತ್‌ಫೈಂಡರ್ 1 ನೌಕೆ 124 ಮೀಟರ್ ಉದ್ದ, 20 ಮೀಟರ್ ವ್ಯಾಸದ್ದು, 13 ಅನಿಲಚೀಲಗಳು. ಅದರ ಚೌಕಟ್ಟಿನಲ್ಲಿ ಸಾವಿರಾರು ಕಾರ್ಬನ್ ಕೊಳವೆಗಳು, ಅವು ಕೂಡುವ ಗಂಟುಗಳಲ್ಲಿ ಟೈಟಾನಿಯಂ. ದುಬಾರಿ ಟೈಟಾನಿಯಂ ಏಕೆ ಎಂದರೆ, ಅಲ್ಯೂಮಿನಿಯಂ ಕಾರ್ಬನ್ನಿಗೆ ತಾಗಿ ತೇವ ಸೇರಿದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ತುಕ್ಕು ಹಿಡಿದು ಸವೆಯುತ್ತದೆ. ಟೈಟಾನಿಯಂಗೆ ಆ ಕಾಟ ಇಲ್ಲ. ಕಾರ್ಬನ್ ಕೊಳವೆಯ ಬಲಕ್ಕೆ ಸಾಟಿಯಿಲ್ಲ ನಿಜ, ಆದರೆ ಬಲವೆಲ್ಲ ಅದರ ಉದ್ದಕ್ಕೆ ಮಾತ್ರ. ಗಂಟಿನ ಹತ್ತಿರ ಬಲ ನಾಲ್ಕಾರು ದಿಕ್ಕಿಗೆ ತಿರುಗುತ್ತದೆ, ಅಲ್ಲಿ ಅಂಟು ಬಿಡಬಹುದು, ಪದರ ಸೀಳಬಹುದು. ಮೇಕನ್ ಕಲಿಸಿದ್ದು ಇಲ್ಲಿಗೂ ಅನ್ವಯಿಸುತ್ತದೆ. ಕೊಳವೆ ಎಷ್ಟು ಹಗುರ ಎಂಬ ಅಂಕಿ ತೋರಿಸಿದರೆ ನಾನು ಗಂಟು ಎಷ್ಟು ತೂಗುತ್ತದೆ ಎಂದು ಕೇಳುತ್ತೇನೆ.

ಬಟ್ಟೆಯೂ ಬದಲಾಗಿದೆ. ಹಿಂದೆ ಅನಿಲಚೀಲಕ್ಕೆ ದನದ ಕರುಳಿನ ತೆಳುಪೊರೆಗಳನ್ನು ಸಾವಿರಗಟ್ಟಲೆ ಅಂಟಿಸುತ್ತಿದ್ದರು. ಈಗ ಪದರ ಪದರ: ಬಲಕ್ಕೆ ಪಾಲಿಯೆಸ್ಟರ್ ಅಥವಾ ವೆಕ್ಟ್ರಾನ್ ಎಂಬ ಕೃತಕ ನೂಲಿನ ನೇಯ್ಗೆ, ಹೀಲಿಯಂ ಸೋರದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಬಿಸಿಲಿಗೆ ತಡೆಯಾಗಿ ಟೆಡ್ಲಾರ್ ಎಂಬ ಇನ್ನೊಂದು ಪ್ಲಾಸ್ಟಿಕ್ ಪೊರೆ. ಇಂಥ ಬಟ್ಟೆಗೆ ಒಟ್ಟು ಬಲಕ್ಕಿಂತ ಮುಖ್ಯವಾದದ್ದು ಸಣ್ಣ ಸೀಳು ಮುಂದಕ್ಕೆ ಓಡುತ್ತದೆಯೇ ನಿಲ್ಲುತ್ತದೆಯೇ ಎಂಬುದು.

ಪೂರ್ತಿ ಚೌಕಟ್ಟೂ ಬೇಡ, ಬರೀ ಬಟ್ಟೆಯೂ ಬೇಡ ಎಂಬ ನಡುದಾರಿಯೂ ಇದೆ. 1997ರಲ್ಲಿ ಹಾರಿದ ಜರ್ಮನಿಯ ಝೆಪ್ಪೆಲಿನ್ ಎನ್‌ಟಿ ಒಳಗೆ 12 ತ್ರಿಕೋನ ಕಾರ್ಬನ್ ಚೌಕಟ್ಟುಗಳು, ಅವನ್ನು ಕೂಡಿಸುವ ಮೂರು ಅಲ್ಯೂಮಿನಿಯಂ ತೊಲೆಗಳು, ಅಷ್ಟೇ. ಆಕಾರ ಹಿಡಿಯುವುದು ಒತ್ತಡ, ಎಂಜಿನ್ ಮತ್ತು ಬಾಲವನ್ನು ಹಿಡಿಯುವುದು ತ್ರಿಕೋನಗಳು. ಸೊಗಸಾದ ಯಂತ್ರ, ಆದರೆ ಹೊರೆ ಹೊರಲು ಮಾಡಿದ್ದಲ್ಲ. ಅದೇ ದೇಶದ ಕಾರ್ಗೋಲಿಫ್ಟರ್ ಕಂಪನಿ ಕೀಲ್ ಇರುವ 160 ಟನ್ ಸಾಮರ್ಥ್ಯದ ನೌಕೆಗೆಂದು 360 ಮೀಟರ್ ಉದ್ದದ ಹ್ಯಾಂಗರ್ ಕಟ್ಟಿತು, ನೌಕೆ ಕಟ್ಟುವ ಮೊದಲೇ 2002ರಲ್ಲಿ ದಿವಾಳಿಯಾಯಿತು. ಹ್ಯಾಂಗರ್ ಈಗ ವಿಹಾರಧಾಮ.

ಇನ್ನು ಮಿಶ್ರ ಬಗೆ. ಲಾಕ್‌ಹೀಡ್ ಮಾರ್ಟಿನ್ 2006ರಲ್ಲಿ ಹಾರಿಸಿದ ಪಿ-791, ಬ್ರಿಟನ್ನಿನ ಏರ್‌ಲ್ಯಾಂಡರ್ 10. ಇವುಗಳ ಒಡಲು ಎರಡು ಮೂರು ದುಂಡುಗಳು ಅಂಟಿಕೊಂಡಂತೆ ಚಪ್ಪಟೆಯಾಗಿ ಕಾಣುತ್ತದೆ. ರೆಕ್ಕೆಯಂತೆ ಗಾಳಿಯಿಂದಲೂ ಎತ್ತುವ ಬಲ ಪಡೆಯಲು ಈ ಆಕಾರ ಎನ್ನುತ್ತಾರೆ, ಸರಿ. ನನಗೆ ಇಷ್ಟವಾಗುವುದು ಇನ್ನೊಂದು ಲಾಭ. ಒಂದು ದೊಡ್ಡ ದುಂಡಿನ ಬದಲು ಸಣ್ಣ ದುಂಡುಗಳಾದಾಗ ತ್ರಿಜ್ಯ ಇಳಿಯಿತು, ಬಟ್ಟೆಯ ಎಳೆತವೂ ಇಳಿಯಿತು. ದುಂಡುಗಳು ಕೂಡುವಲ್ಲಿ ಒಳಗೆ ನಿಲ್ಲಿಸಿದ ಪರದೆ ಹೊರೆಯನ್ನು ನೇರವಾಗಿ ನೆತ್ತಿಗೆ ಒಯ್ಯುತ್ತದೆ. ಈ ನೌಕೆಗಳು ಗಾಳಿಗಿಂತ ತುಸು ಭಾರವಾಗಿಯೇ ಇರುವುದರಿಂದ ಹೊರೆ ಇಳಿಸಿದಾಗ ಹಾರಿಹೋಗುವ ಭಯ ಕಡಿಮೆ. ಬೆಲೆಯೂ ಇದೆ: ಪೂರ್ಣ ಹೊರೆಯೊಂದಿಗೆ ಏರಲು ಓಡುವ ಜಾಗ ಬೇಕು. ರನ್‌ವೇ ಬೇಡ ಎಂಬುದೇ ವಾಯುನೌಕೆಯ ಹೆಗ್ಗಳಿಕೆಯಾಗಿದ್ದಾಗ ಇದು ಚಿಕ್ಕ ರಿಯಾಯಿತಿಯಲ್ಲ.

ಹೊರೆ ಇಳಿಸುವ ಗಳಿಗೆಗೆ ಬಂದೆವು. 60 ಟನ್ ನಡುವಿನಲ್ಲಿ ತೂಗುತ್ತಿದ್ದಾಗ ಒಡಲಿನ ನಡು ಕೆಳಕ್ಕೆ ಜಗ್ಗುತ್ತದೆ. ಕೆಳಗಿನ ತೊಲೆಗಳಿಗೆ ಎಳೆತ, ಮೇಲಿನವಕ್ಕೆ ಅದುಮು. ಕೊಕ್ಕೆ ಬಿಟ್ಟ ಕೂಡಲೇ ನಡು ಮೇಲಕ್ಕೆ ಉಬ್ಬುತ್ತದೆ, ಎಲ್ಲವೂ ತಿರುಗುಮುರುಗು. ಎಳೆತಕ್ಕೆ ಮಾತ್ರ ಮಾಡಿದ ತೆಳು ಕೊಳವೆ ಅದುಮಿದರೆ ಸೊಟ್ಟಗಾಗಿ ಮಡಚಿಕೊಳ್ಳುತ್ತದೆ. ಆದ್ದರಿಂದ ಸರಕು ನೌಕೆಯಲ್ಲಿ ಪ್ರತಿ ತೊಲೆಯೂ ಎರಡಕ್ಕೂ ಸಿದ್ಧವಿರಬೇಕು, ಅದಕ್ಕೆ ತೂಕ ತೆರಬೇಕು. ಪರಿಹಾರ ಸರಳವಾಗಿ ಕಾಣುತ್ತದೆ: ಸರಕು ಇಳಿದಂತೆ ಅಷ್ಟೇ ನೀರು ಏರಿಸಿ. ನೀರಿನ ತೊಟ್ಟಿಗಳು ಸರಕಿದ್ದ ಜಾಗದಲ್ಲೇ ಇರಬೇಕು, ಇಳಿದ ವೇಗದಲ್ಲೇ ತುಂಬಬೇಕು, ಆಗ ಒಡಲಿಗೆ ಏನೂ ಆದಂತೆಯೇ ಅನಿಸುವುದಿಲ್ಲ. ಸರಕು ಇಳಿಸುವ ಕಾಡು ಮೇಡಿನಲ್ಲಿ 60 ಟನ್ ನೀರು ಎಲ್ಲಿಂದ ಬರಬೇಕು ಎಂಬುದು ಬೇರೆ ಪ್ರಶ್ನೆ.

ಹೀಲಿಯಂ ಅನ್ನೇ ಒತ್ತಿ ಟ್ಯಾಂಕಿಗೆ ತುಂಬಿಬಿಡೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಒತ್ತಡದ ಟ್ಯಾಂಕಿನ ತೂಕ ಒತ್ತಡವನ್ನೂ ಒಳಜಾಗವನ್ನೂ ಗುಣಿಸಿದ್ದಕ್ಕೆ ಅನುಗುಣ. ಒತ್ತಡ ಎರಡು ಪಟ್ಟು ಮಾಡಿದರೆ ಟ್ಯಾಂಕು ಅರ್ಧಕ್ಕಿಳಿಯುತ್ತದೆ, ಗೋಡೆ ಅಷ್ಟೇ ದಪ್ಪವಾಗುತ್ತದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ. 60 ಟನ್ ಎತ್ತುವಷ್ಟು ಹೀಲಿಯಂ ಅಡಗಿಸಲು ಒಳ್ಳೆಯ ಕಾರ್ಬನ್ ಟ್ಯಾಂಕನ್ನೇ ಹಿಡಿದರೂ ಟ್ಯಾಂಕಿನ ತೂಕ ಹತ್ತಾರು ಟನ್. ಸರಕಿನ ಜಾಗದಲ್ಲಿ ಟ್ಯಾಂಕನ್ನೇ ಹೊತ್ತು ತಿರುಗಿದಂತಾಯಿತು.

ಜಲಜನಕದ ಮಾತನ್ನೂ ಇಲ್ಲಿ ಮುಗಿಸಿಬಿಡುತ್ತೇನೆ. ಅದು ಹೀಲಿಯಂಗಿಂತ ಸುಮಾರು ಶೇ 8ರಷ್ಟು ಮಾತ್ರ ಹೆಚ್ಚು ಎತ್ತುತ್ತದೆ ಎಂದು ತಳ್ಳಿಹಾಕುತ್ತಾರೆ. ಆದರೆ ಮೈತೂಕ ಬದಲಾಗದ ಕಾರಣ ಆ ಶೇ 8 ಪೂರ್ತಿ ಸರಕಿಗೇ ಸೇರುತ್ತದೆ. 1,80,000 ಘನ ಮೀಟರ್ ನೌಕೆಯಲ್ಲಿ ಅದು ಹತ್ತು ಹದಿನೈದು ಟನ್. ಆಸೆ ಹುಟ್ಟಿಸುವ ಅಂಕಿಯೇ. ಬೆಂಕಿಯ ಭಯ ನೀಗಿಸಲು ಸುತ್ತ ಜಡ ಅನಿಲದ ಪದರ, ಹೆಚ್ಚುವರಿ ಗಾಳಿದಾರಿ ಎಂದೆಲ್ಲ ಹೊರಟರೆ ಆ ಟನ್‌ಗಳಲ್ಲಿ ಎಷ್ಟು ಉಳಿದೀತು ಎಂಬುದು ವಿನ್ಯಾಸಕರ ಕೈಚಳಕ.

ಕೊನೆಗೆ ನೆಲ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ, ಅಂದರೆ ಸೆಕೆಂಡಿಗೆ 20 ಮೀಟರ್, 200 ಮೀಟರ್ ಉದ್ದದ ಒಡಲಿಗೆ ಅಡ್ಡಲಾಗಿ ಬಡಿದರೆ ಬೀಳುವ ಬಲ 100 ಟನ್ನಿನ ಆಸುಪಾಸು. ಅದಕ್ಕೇ ನೌಕೆಯ ಮೂಗನ್ನು ಮಾತ್ರ ಕಂಬಕ್ಕೆ ಕಟ್ಟಿ, ಗಾಳಿ ಬಂದತ್ತ ತಿರುಗಲು ಬಿಡುತ್ತಾರೆ. ಹಾಗೆ ಬಿಟ್ಟರೂ ಆಟ ತಪ್ಪಿದ್ದಲ್ಲ. 1927ರ ಆಗಸ್ಟ್‌ನಲ್ಲಿ ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಎತ್ತರದ ಕಂಬಕ್ಕೆ ಕಟ್ಟಿದ್ದ ಲಾಸ್ ಏಂಜಲೀಸ್ ಎಂಬ ನೌಕೆಯ ಬಾಲವನ್ನು ತಣ್ಣನೆಯ ಗಾಳಿ ಎತ್ತಿ, ಇನ್ನೂರು ಮೀಟರ್ ಉದ್ದದ ಒಡಲು ಮೂಗಿನ ಮೇಲೆ ನೆಟ್ಟಗೆ ನಿಂತಿತು. ಅದರ ಛಾಯಾಚಿತ್ರ ಸಿಕ್ಕರೆ ತಪ್ಪದೆ ನೋಡಿ. ನೌಕೆ ಮತ್ತೆ ನಿಧಾನವಾಗಿ ಕೆಳಗಿಳಿಯಿತು, ಸಣ್ಣಪುಟ್ಟ ಹಾನಿ ಮಾತ್ರ. 2017ರ ನವೆಂಬರ್‌ನಲ್ಲಿ ಏರ್‌ಲ್ಯಾಂಡರ್ ಕಂಬದಿಂದ ಬಿಡಿಸಿಕೊಂಡಾಗ ಸುರಕ್ಷಾ ವ್ಯವಸ್ಥೆ ಒಡಲನ್ನು ತಾನಾಗಿ ಹರಿದು ಅನಿಲ ಬಿಟ್ಟಿತು, ಆ ನೌಕೆ ಮತ್ತೆ ಹಾರಲಿಲ್ಲ.

ಸರಕು ಇಳಿಸುವ ನೌಕೆಗೆ ಗಾಳಿ ಬಂದತ್ತ ತಿರುಗುವ ಸ್ವಾತಂತ್ರ್ಯವೂ ಇಲ್ಲ, ಕೊಕ್ಕೆ ಒಂದೇ ಬಿಂದುವಿನ ಮೇಲೆ ನಿಲ್ಲಬೇಕು. ಅದಕ್ಕೆ ಒಡಲಿನ ಸುತ್ತ, ಮೂಗಿನಲ್ಲಿ, ಬಾಲದಲ್ಲಿ ಪಕ್ಕಕ್ಕೆ ನೂಕುವ ವಿದ್ಯುತ್ ಮೋಟಾರುಗಳನ್ನು ಕೂರಿಸುತ್ತಿದ್ದಾರೆ. ಒಂದೊಂದು ಮೋಟಾರೂ ಚೌಕಟ್ಟಿಗೆ ಒಂದೊಂದು ಹೊಸ ಜೋಡಣೆ, ಅದೂ ನಿಮಿಷಕ್ಕೆ ಹತ್ತಾರು ಸಲ ದಿಕ್ಕು ಬದಲಿಸುವ ಬಲದೊಂದಿಗೆ. ಮೇಕನ್‌ನ 17.5ನೇ ಉಂಗುರದಂಥ ಜಾಗಗಳು ಒಂದರ ಬದಲು ಇಪ್ಪತ್ತಾಗುತ್ತವೆ. ಗಾಳಿಯಲ್ಲೇ ನಿಂತು 60 ಟನ್ ಇಳಿಸಿದ ವಾಯುನೌಕೆ ಇದುವರೆಗೆ ಒಂದೂ ಇಲ್ಲ. ಯಾರಾದರೂ ಅದನ್ನು ಮಾಡಿ ತೋರಿಸಿದ ದಿನ, ಆ ನೌಕೆಯನ್ನು ಹ್ಯಾಂಗರಿಗೆ ತಂದು ಮೋಟಾರುಗಳ ಬುಡದ ಬೋಲ್ಟುಗಳನ್ನು ಬಿಚ್ಚಿ ನೋಡಿದವರ ವರದಿಯನ್ನು ನಾನು ಮೊದಲು ಓದುತ್ತೇನೆ.